ಹನ್ನೆರಡನೆಯ ಭಾಗದ ಕೊನೆಯ ಸಾಲು

ನುಗ್ಗೆಸೊಪ್ಪು ಬಿಡಿಸುತ್ತ ಕೂತಿದ್ದೆ. ಮೊರ ಅರ್ಧ ತುಂಬಿರಲಿಲ್ಲ, ಅಷ್ಟರಲ್ಲಿ ನಮ್ಮ ಮನೆಯವರು ಮುಂದಿನ ಕೋಣೆಯ ಪ್ರೆಸ್ಸಿನಿಂದ ಎದ್ದು ಬಂದು, ಮಸಿಯಾದ ಕೈಗಳನ್ನು ಗೋಡೆಗೆ ತಾಗದಂತೆ ಮೇಲೆ ಹಿಡಿದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕೊನೆಯ ಫಾರಮ್ಮಿಗೆ ಅಚ್ಚಿನ ಮೊಳೆ ಜೋಡಿಸಿಯಾಯಿತು, ಕಡೆಯ ಪುಟದಲ್ಲಿ ಒಂದು ಸಾಲಿನ ಜಾಗ ಖಾಲಿ ಉಳಿದಿದೆ, ಅಲ್ಲಿ ಏನು ಕೂರಿಸಲಿ ಎಂದು ಕೇಳಿದರು. ಬೇಳೆ ಬೇಯಲಿ, ಆಮೇಲೆ ಹೇಳುತ್ತೇನೆ ಎಂದೆ. ಅವರು ಹೋಗಲಿಲ್ಲ. ಮೊರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ಹೋದ ವರ್ಷಾನೂ ಬೇಳೆ ಬೇಯ್ಲಿ ಅಂದಿದ್ದೆ. ಅದರ ಹಿಂದಿನ ವರ್ಷ ಹಿಟ್ಟು ರುಬ್ಬೋದಿತ್ತು," ಎಂದರು.

ಗುರುಪಾದಪ್ಪ ಎಂದು ಅವರ ಹೆಸರು. ಕೋಪ ಮಾಡಿಕೊಳ್ಳುವವರಲ್ಲ. ಆದರೆ ಜೋಡಿಸಿದ ಫಾರಮ್ಮನ್ನು ಹಾಗೇ ಬಿಟ್ಟರೆ ಮೊಳೆ ಸಡಿಲವಾಗುತ್ತದೆ, ಸಾಯಂಕಾಲದೊಳಗೆ ಬಿಗಿದು ಅಚ್ಚು ಹಾಕಬೇಕು. ಎರಡು ಸಾಲನ್ನೂ ಬೇರೆ ಬೇರೆಯಾಗಿ ಜೋಡಿಸಿ ಇಟ್ಟಿದ್ದೇನೆ ಎಂದು ಹೇಳಿ ಎದ್ದು ಹೋದರು. ಒಂದು ಸಾಲು 'ಇನ್ನೂ ಇದೆ'. ಇನ್ನೊಂದು, ಜವರಯ್ಯ ತನ್ನ ಮನೆಯ ಬಾಗಿಲು ದೂಡಿ ಒಳಗೆ ಹೋದ ಎನ್ನುವುದು.

ನಮ್ಮೂರಿನಲ್ಲಿ ಕೂತು ಯಾರು ಕಥೆ ಬರೆದರೂ ಆ ಕಥೆಯೊಳಗಿನ ಜನ ಬೆಳಗಿನ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಕಥೆಯ ಕೊನೆಯ ಸಾಲು ಅಚ್ಚಾಗುವವರೆಗೆ ಇಲ್ಲೇ ಇರುತ್ತಾರೆ, ಅಚ್ಚಾದ ದಿನ ಹೊರಡುತ್ತಾರೆ. ಒಂದೇ ಪುಸ್ತಕದ ಜನವಾದರೆ ನೆಂಟರ ಹಾಗೆ ನಾಲ್ಕು ದಿನ ಇದ್ದು ಹೋಗುತ್ತಾರೆ. ಸರಣಿಯ ಜನ ಹಾಗಲ್ಲ. ಅವರಿಗೆ ಕೋಣೆ ಬೇಕು, ನಲ್ಲಿ ನೀರಿನ ಸಾಲಿನಲ್ಲಿ ಒಂದು ಕೊಡದ ಜಾಗ ಬೇಕು, ರೇಷನ್ ಕಾರ್ಡು ಬೇಕು. ಊರಿನಲ್ಲಿ ಬರೆಯುವವರು ಐದಾರು ಮಂದಿ ಇದ್ದೇವೆ. ಸರಣಿ ಬರೆಯುವವಳು ನಾನೊಬ್ಬಳೇ. ಅದಕ್ಕೇ ಮಾರ್ಕೆಟ್ಟಿಗೆ ಹೋದರೆ ನನಗೆ ಬುದ್ಧಿ ಹೇಳುವವರು ಹೆಚ್ಚು.

ಮೊದಲು ಬರೆದದ್ದು ಅಂಚೆ ಮುತ್ತಕ್ಕನ ಸರಣಿ, ಏಳು ಭಾಗ. ವಿಳಾಸ ತಪ್ಪಿದ ಕಾಗದಗಳ ಬೆನ್ನು ಹತ್ತಿ ಕಳ್ಳರನ್ನು ಹಿಡಿಯುವವಳು. ಇಲ್ಲಿಗೆ ಬಂದು ಪಕ್ಕದ ಮನೆ ದ್ಯಾವೀರಮ್ಮನ ಹಿಂದಿನ ಕೋಣೆಯಲ್ಲಿ ಇದ್ದಳು. ಆಗಿನ್ನೂ ನನಗೆ ಸರಣಿ ಮುಗಿಸುವುದು ಎಂದರೆ ಏನೆಂದು ಗೊತ್ತಿರಲಿಲ್ಲ. ಓದುವವರು ಎಲ್ಲೋ ದೂರದಲ್ಲಿದ್ದಾರೆ, ಅವರಿಗೆ ಹಿಡಿಸಿದರೆ ಸಾಕು ಎಂದುಕೊಂಡು, ಯಾರಿಗೂ ಹೇಳದೆ ಒಂದು ಮಂಗಳವಾರ ಕೊನೆಯ ಸಾಲು ಅಚ್ಚು ಹಾಕಿಸಿದೆ. ಆ ಹೊತ್ತಿನಲ್ಲಿ ಮುತ್ತಕ್ಕ ದ್ಯಾವೀರಮ್ಮನ ಜೊತೆ ಮಿಡಿಮಾವಿಗೆ ಉಪ್ಪು ಹಾಕುತ್ತಿದ್ದಳಂತೆ. ಕೈ ಒರೆಸಿಕೊಂಡು, ಜಾಡಿಗೆ ಬಟ್ಟೆ ಕಟ್ಟಿ, ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟಳು. ದ್ಯಾವೀರಮ್ಮ ಇವತ್ತಿಗೂ ಬೀದಿಗೆಲ್ಲ ಉಪ್ಪಿನಕಾಯಿ ಹಂಚುತ್ತಾಳೆ, ನಮ್ಮ ಮನೆಯೊಂದನ್ನು ಬಿಟ್ಟು. ಅದಾದ ಮೇಲೆ ವಾರ್ಡಿನವರು ಒಂದು ಕಟ್ಟಳೆ ಮಾಡಿದರು. ಸರಣಿ ಮುಗಿಯುವುದಾದರೆ ಮೊದಲೇ ಪ್ರೆಸ್ಸಿನ ಬಾಗಿಲಿಗೆ ಚೀಟಿ ಅಂಟಿಸಬೇಕು, ಹೋಗುವವರಿಗೆ ಬೀದಿಯವರು ಬುತ್ತಿ ಕಟ್ಟಿಕೊಡುವವರೆಗೆ ಯಂತ್ರ ತಿರುಗಬಾರದು.

ಎರಡನೆಯದು ಹರಿಗೋಲಿನವರ ಸರಣಿ, ಒಂಬತ್ತು ಭಾಗ. ಆರು ಜನ ಗಂಡಸರು, ಮೂರು ಹರಿಗೋಲು. ನಮ್ಮೂರಿಗೆ ಹೊಳೆಯಿಲ್ಲ. ಅವರು ಸ್ಕೂಲಿನ ಮೈದಾನದಲ್ಲಿ ಹರಿಗೋಲು ಬೋರಲು ಹಾಕಿಕೊಂಡು ಅದರಡಿ ಮಲಗುತ್ತಿದ್ದರು, ಮಕ್ಕಳಿಗೆ ಆಟವಾಡಲು ಜಾಗವಿಲ್ಲದಂತಾಯಿತು. ಮೀನಿನ ಮಾರುಕಟ್ಟೆಗೆ ಮೊದಲು ಹೋಗುತ್ತಿದ್ದವರೂ ಅವರೇ. ಕೊನೆಗೆ ಹೆಡ್‌ಮೇಷ್ಟ್ರು ಮನೆಗೆ ಬಂದು, ಕಾಫಿಯನ್ನೂ ಕುಡಿಯದೆ, ಈ ಬೇಸಿಗೆಯೊಳಗೆ ಆ ಕಥೆಗೊಂದು ದಡ ಕಾಣಿಸಿಬಿಡಿ ಎಂದು ಕೇಳಿಕೊಂಡರು. ಈಗ ನಾಲ್ಕನೆಯದೊಂದು ಮಕ್ಕಳ ಸರಣಿ ಶುರು ಮಾಡಿದ್ದೇನೆ, ಒಂದು ಅಧ್ಯಾಯ ಆಗಿದೆ. ಅದರಿಂದ ಇಲ್ಲಿಯವರೆಗೆ ಬಂದಿರುವುದು ಒಂದು ಮೇಕೆ ಮಾತ್ರ. ಪ್ರೂಫು ತಿನ್ನುತ್ತದೆ.

ನಡುವಿನದು, ಮೂರನೆಯದು, ಜವರಯ್ಯನದು.

ಬಾವಿಗೆ ಬಿದ್ದ ಕೊಡ, ಬಿಂದಿಗೆ, ಬೀಗದಕೈ, ಸರ ಇಂಥದ್ದನ್ನು ಪಾತಾಳಗರಡಿಯ ಕೊಕ್ಕೆ ಇಳಿಸಿ ಮೇಲೆ ಎತ್ತಿಕೊಡುವವನು. ಊರೂರು ತಿರುಗುತ್ತಾನೆ. ಒಂದೊಂದು ಭಾಗದಲ್ಲೂ ಬಾವಿಯಿಂದ ಒಂದು ವಸ್ತು ಬರುತ್ತದೆ, ಅದರ ಹಿಂದೆ ಒಂದು ಮನೆಯ ಕಥೆ ಬರುತ್ತದೆ. ಮೊದಲ ಭಾಗದ ಮೊದಲ ಪುಟದಲ್ಲಿ ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಡುವಾಗ, ಒಳಗಿನಿಂದ ಹೆಂಡತಿ ಕೆಂಪಾಜಮ್ಮ, ಮಧ್ಯಾಹ್ನದ ಊಟಕ್ಕೆ ಬಂದುಬಿಡಿ ಎನ್ನುತ್ತಾಳೆ. ಅವಳನ್ನು ಬಾಗಿಲ ಒಳಗಿನ ದನಿಯಾಗಿ ಮಾತ್ರ ಬರೆದಿದ್ದೆ. ಅದಕ್ಕೋ ಏನೋ ಅವಳು ನಮ್ಮೂರಿಗೆ ಬರಲಿಲ್ಲ, ಅವನೊಬ್ಬನೇ ಬಂದ. ಸರಣಿ ಮುಗಿಯುವ ದಿನ ಅವನು ಊಟಕ್ಕೆ ಮನೆಗೆ ಹೋಗುತ್ತಾನೆ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಆರು ಭಾಗ ಸಾಕು ಎಂದುಕೊಂಡಿದ್ದೆ. ಈಗ ಹನ್ನೆರಡಾಗಿದೆ. ಅದಕ್ಕೆ ಕಾರಣ ನನ್ನ ಮಗಳು.

ಶಾಂಭವಿ ಜವರಯ್ಯ ಬಂದ ಮಾರನೆಯ ವರ್ಷ ಹುಟ್ಟಿದವಳು. ನಾಲ್ಕು ವರ್ಷವಾದರೂ ಮಾತು ಬರಲಿಲ್ಲ. ಕಿವಿ ಸರಿಯಿದೆ, ನಾಲಿಗೆ ಸರಿಯಿದೆ, ಕಾಯಿರಿ ಎಂದರು ಡಾಕ್ಟರು. ನಾನು ಕಾದೆ. ಅವಳ ಬಟ್ಟೆ ಒಗೆಯುತ್ತ, ತಲೆ ಬಾಚುತ್ತ, ನಾನೊಬ್ಬಳೇ ಇಬ್ಬರ ಮಾತನ್ನೂ ಆಡುತ್ತ ಕಾದೆ. ಒಂದು ದಿನ ನಮ್ಮ ಹಿತ್ತಲ ಬಾವಿಗೆ ಬಕೆಟ್ಟು ಬಿತ್ತು. ಜವರಯ್ಯ ಅವಳನ್ನು ಕಟ್ಟೆಯ ಮೇಲೆ ಬೋರಲು ಮಲಗಿಸಿ, ಸೊಂಟ ಹಿಡಿದುಕೊಂಡು, ನೀರು ಎಷ್ಟು ಆಳದಲ್ಲಿದೆ ಎಂದು ನೋಡಲು ಕೆಳಕ್ಕೆ ಹೋ ಎಂದು ಕೂಗಿದ. ಅವಳೂ ಕೂಗಿದಳು. ಬಾವಿ ಅವಳ ದನಿಯನ್ನು ಅವಳಿಗೇ ಕೊಟ್ಟಿತು. ನಾನು ಒಲೆಯ ಮೇಲಿನ ಹಾಲು ಬಿಟ್ಟು ಓಡಿಬಂದೆ.

ಅಂದಿನಿಂದ ಅವಳು ಬಾವಿಯೊಳಗೆ ಮಾತಾಡುತ್ತಾಳೆ. ಜವರಯ್ಯ ಯಾವ ಬೀದಿಯ ಬಾವಿಗೆ ಹೋದರೂ ಹಿಂದೆ ಹೋಗಿ, ಕಟ್ಟೆಯ ಮೇಲೆ ಗದ್ದವಿಟ್ಟು, ಸ್ಕೂಲಿನಲ್ಲಿ ಏನಾಯಿತು, ಮೇಕೆ ಏನು ತಿಂದಿತು, ಎಲ್ಲ ಹೇಳುತ್ತಾಳೆ. ಅವನು ಪಕ್ಕದಲ್ಲಿ ಇರಬೇಕು, ಅವನಿಲ್ಲದೆ ಬರೀ ಬಾವಿಯೊಂದರ ಹತ್ತಿರ ಹೋಗುವುದಿಲ್ಲ. ನೆಲದ ಮೇಲೆ, ಮನುಷ್ಯರ ಎದುರಿಗೆ ಅವಳದು ಹೂಂ, ಬೇಡ, ಸುಮ್ನೆ, ಇಷ್ಟೇ. ಹತ್ತು ವರ್ಷ ತುಂಬಿದರೂ ಏನು, ಯಾಕೆ ಎಂದು ಒಂದು ಪ್ರಶ್ನೆಯನ್ನು ಅವಳು ಯಾರನ್ನೂ ಕೇಳಿದ್ದಿಲ್ಲ. ಬಾವಿಯನ್ನೂ ಕೇಳುವುದಿಲ್ಲ. ಬಾವಿ ಕೇಳಿದ್ದನ್ನೇ ತಿರುಗಿ ಕೇಳುತ್ತದಲ್ಲ, ಅದಕ್ಕಿರಬಹುದು ಎಂದು ನಮ್ಮ ಮನೆಯವರು ಹೇಳುತ್ತಾರೆ.

ಅವಳು ಮೊದಲು ಕೂಗಿದ್ದು ನಾನು ಆರನೆಯ ಭಾಗ ಬರೆಯುತ್ತಿದ್ದ ವರ್ಷ. ಜವರಯ್ಯ ಹೋದರೆ ಅವಳ ದನಿಯೂ ಅವನ ಹಗ್ಗದ ಜೊತೆ ಹೋಗಿಬಿಟ್ಟರೆ? ಆ ವರ್ಷ ಕೊನೆಯ ಸಾಲಿನ ಜಾಗದಲ್ಲಿ 'ಇನ್ನೂ ಇದೆ' ಹಾಕಿಸಿದೆ. ಆಮೇಲೆ ಒಂದೊಂದು ವರ್ಷಕ್ಕೆ ಒಂದೊಂದು ಅಡ್ಡಿ ಹುಡುಕಬೇಕಾಯಿತು. ಏಳರಲ್ಲಿ ತನ್ನ ಊರ ಬಾಗಿಲಿನವರೆಗೆ ಹೋದವನನ್ನು ಯಾರೋ ಬಂದು ವಾಪಸು ಕರೆದೊಯ್ದರು. ಎಂಟರಲ್ಲಿ ಅವನ ದಾರಿಗೆ ಅಡ್ಡವಾಗಿ ಹೊಳೆ ಬಂತು. ಒಂಬತ್ತರಲ್ಲಿ ಅವನಿಗೆ ಜ್ವರ ಬರಿಸಿದೆ. ಬರೆದದ್ದು ಒಣಗುವ ಮೊದಲೇ ಅವನು ನಮ್ಮ ಜಗುಲಿಯ ಮೇಲೆ ಕಂಬಳಿ ಹೊದ್ದು ನಡುಗುತ್ತ ಮಲಗಿದ್ದ. ಹನ್ನೊಂದು ದಿನ. ಜ್ವರ ಕೊಟ್ಟವಳೂ ನಾನೇ, ಗಂಜಿ ಕಾಯಿಸಿ ಕೊಟ್ಟವಳೂ ನಾನೇ. ಲೋಟ ಈಸಿಕೊಳ್ಳುವಾಗ, ನಿಮಗೆ ತೊಂದ್ರೆ ಆಯ್ತಲ್ಲ ಅಕ್ಕೋರೆ ಎಂದ. ಹತ್ತರಲ್ಲಿ ಬಾವಿಯ ಮೆಟ್ಟಿಲು ಮುರಿದು ಅವನ ಎಡ ಮಂಡಿ ಹೋಯಿತು, ಅದು ಇನ್ನೂ ಸರಿಯಾಗಿಲ್ಲ. ಹನ್ನೊಂದರಲ್ಲಿ ಏನೂ ಹೊಳೆಯದೆ ತಪ್ಪು ಬಸ್ಸು ಹತ್ತಿಸಿದೆ. ಅದಕ್ಕೆ ದೂರದೂರಿನ ಓದುಗರೊಬ್ಬರು ಕಾರ್ಡು ಬರೆದಿದ್ದರು. ಅವರ ಅಕ್ಷರ ಚೆನ್ನಾಗಿತ್ತು. ತಾಯಿ, ಆ ಮನುಷ್ಯನನ್ನು ಊಟಕ್ಕೆ ಬಿಡಿ, ಎಂದು ಅಷ್ಟೇ ಇತ್ತು.

ಬೇಳೆ ಬೆಂದಿತು. ಸಾರಿಗೆ ಒಗ್ಗರಣೆ ಹಾಕಿ, ಆರನೆಯ ಭಾಗದಲ್ಲಿ ಆ ಕೊನೆಯ ಪುಟ ಹೇಗಿತ್ತು ನೋಡೋಣವೆಂದು ಕಪಾಟಿನಿಂದ ತೆಗೆದೆ. ಪುಸ್ತಕ ತಾನಾಗಿ ಒಂದು ಕಡೆ ತೆರೆದುಕೊಂಡಿತು. ಅಲ್ಲಿ ಒಂದು ಕೆಂಪು ದಾರ ಇತ್ತು, ಬೈಂಡಿಂಗಿಗೆ ಬಳಸುವ ದಾರ, ಗೇಣುದ್ದ. 'ಇನ್ನೂ ಇದೆ' ಎನ್ನುವ ಸಾಲಿನ ಕೆಳಗೆ ಗೆರೆ ಎಳೆದ ಹಾಗೆ ನೇರವಾಗಿ ಇಟ್ಟಿತ್ತು. ಏಳನೆಯದನ್ನು ತೆಗೆದೆ. ಊರ ಬಾಗಿಲಲ್ಲಿ ಅವನು ಹಿಂದಿರುಗುವ ಪುಟದಲ್ಲಿ ದಾರ. ಎಂಟರಲ್ಲಿ ಹೊಳೆಯ ದಂಡೆಯಲ್ಲಿ. ಒಂಬತ್ತು, ಹತ್ತು, ಹನ್ನೊಂದು, ಎಲ್ಲದರಲ್ಲೂ ಒಂದೊಂದೇ. ನೆಲದ ಮೇಲೆ ಪುಸ್ತಕಗಳನ್ನು ಹರಡಿಕೊಂಡು ಕೂತುಬಿಟ್ಟೆ. ಇಡೀ ಬೇಸಿಗೆ ಶಾಂಭವಿ ಈ ಕಪಾಟಿನ ಹತ್ತಿರವೇ ಇದ್ದಳು, ನನ್ನ ಪುಸ್ತಕ ಓದುತ್ತಾಳಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಅವನು ಮನೆಗೆ ಹೋಗದೆ ಉಳಿದ ಜಾಗಗಳನ್ನೆಲ್ಲ ಅವಳು ಹುಡುಕಿ ಗುರುತು ಇಟ್ಟಿದ್ದಾಳೆ. ಯಾಕೆ ಇಟ್ಟಳು? ಸದ್ಯ ಹೋಗಲಿಲ್ಲ ಎಂಬ ಖುಷಿಗೆ ಇಟ್ಟಳೋ, ಬೇರೇನಾದರೂ ಅವಳ ಮನಸ್ಸಿನಲ್ಲಿ ಇತ್ತೋ? ದಾರವನ್ನು ಎಷ್ಟು ಹೊತ್ತು ತಿರುಗಿಸಿ ನೋಡಿದರೂ ತಿಳಿಯಲಿಲ್ಲ.

ಅವಳು ಜಗುಲಿಯಲ್ಲಿ ಜವರಯ್ಯನ ಎದುರು ಕೂತು, ಅವನು ಹೊಸೆಯುತ್ತಿದ್ದ ಹಗ್ಗದ ತುದಿ ಹಿಡಿದುಕೊಂಡಿದ್ದಳು. ಕರೆದು, ಒಂದು ದಾರ ತೋರಿಸಿ, ಇದ್ಯಾಕೆ ಪುಟ್ಟಿ ಎಂದೆ. ನನ್ನ ಮುಖ ನೋಡಿದಳು. ಬಾಯಿ ತೆರೆದಳು ಕೂಡ. ಆಮೇಲೆ, ಸುಮ್ನೆ, ಎಂದು ಹಗ್ಗದ ತುದಿಗೆ ವಾಪಸು ಹೋದಳು.

ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದಾಗ ದ್ಯಾವೀರಮ್ಮ ಬಂದಳು. ಅವಳ ಹಿತ್ತಾಳೆ ಕೊಡ ಬಾವಿಗೆ ಬಿದ್ದಿತ್ತು. ನನ್ನನ್ನು ದಾಟಿಕೊಂಡು ಜಗುಲಿಗೇ ಹೋಗಿ ಜವರಯ್ಯನಿಗೆ ಹೇಳಿದಳು. ಅವನು ಪಾತಾಳಗರಡಿ ತೆಗೆದುಕೊಂಡು, ಗೋಡೆ ಹಿಡಿದು ಎದ್ದ. ಏಳಲು ಎರಡು ಸಲ ಪ್ರಯತ್ನ ಬೇಕಾಯಿತು. ದ್ಯಾವೀರಮ್ಮ ಅದನ್ನು ನೋಡಿ ನನ್ನ ಕಡೆ ತಿರುಗಿದಳು.

"ನೀನಿಲ್ಲಿ ಪೆನ್ನು ಹಿಡ್ಕಂಡು ಕೂತ್ಕ ಕಣವ್ವ. ಅಲ್ಲಿ ಅವರ ಮಂಡಿ ಸವೀಲಿ," ಎಂದಳು.

"ಅಕ್ಕೋರು ಏನು ಮಾಡ್ತಾರೆ, ಬುಡವ್ವ. ವಯಸ್ಸಾಯ್ತದೆ," ಎಂದ ಜವರಯ್ಯ.

ಅವನಿಗೆ ವಯಸ್ಸನ್ನು ಕೊಟ್ಟವಳೂ ನಾನೇ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಕೈ ಒರೆಸಿಕೊಂಡು ಅವರ ಹಿಂದೆ ಹೋದೆ. ಶಾಂಭವಿ ಆಗಲೇ ಗೇಟು ದಾಟಿದ್ದಳು.

ದ್ಯಾವೀರಮ್ಮನ ಬಾವಿ ಬೀದಿಯಲ್ಲೆಲ್ಲ ಆಳದ್ದು. ಅಕ್ಕಪಕ್ಕದವರು ಹತ್ತಾರು ಜನ ಸೇರಿದ್ದರು, ಕೊಡ ಬಿದ್ದರೆ ನಮ್ಮೂರಿನಲ್ಲಿ ಅಷ್ಟು ಜನ ಸೇರುತ್ತಾರೆ. ಜವರಯ್ಯ ಕೊಕ್ಕೆಗಳ ಗೊಂಚಲನ್ನು ನಿಧಾನವಾಗಿ ಇಳಿಸಿದ. ಹಗ್ಗವನ್ನು ಎರಡು ಬೆರಳಿನಲ್ಲಿ ಹಿಡಿದು, ಕಣ್ಣು ಮುಚ್ಚಿ, ಕೈಯಲ್ಲೇ ಕೇಳಿಸಿಕೊಳ್ಳುತ್ತಾನೆ. ಕಲ್ಲು ಬೇರೆ ತರಹ, ಕೆಸರು ಬೇರೆ ತರಹ, ಹಿತ್ತಾಳೆ ಬೇರೆ ತರಹ ತಾಗುತ್ತದಂತೆ. ಅದನ್ನು ನಾನು ಬರೆದದ್ದಲ್ಲ, ಬಂದ ಮೇಲೆ ಅವನೇ ಹೇಳಿಕೊಟ್ಟದ್ದು, ನಾಲ್ಕನೆಯ ಭಾಗಕ್ಕೆ ಸೇರಿಸಿಕೊಂಡೆ. ಮೂರು ಸಲ ಎಳೆದ, ಬರಲಿಲ್ಲ. ಕೊಡ ನೀರಿನ ಮಟ್ಟದಲ್ಲಿ ಗೋಡೆಯ ಬಿರುಕಿಗೆ ಸಿಕ್ಕಿಕೊಂಡಿದೆ, ಇಳಿಯಲೇಬೇಕು ಎಂದ. ಇಬ್ಬರು ಗಂಡಸರು ಹಗ್ಗ ಹಿಡಿದರು.

ಅವನ ತಲೆ ಕಟ್ಟೆಯ ಕೆಳಗೆ ಮರೆಯಾದ ಕೂಡಲೇ ಶಾಂಭವಿ ಬೋರಲು ಮಲಗಿದಳು. ಮಾತು ಶುರುವಾಯಿತು. ಇನ್ನೊಂಚೂರು ಕೆಳಗೆ. ಎಡಗಾಲು ಆ ಕಲ್ಲಿಗೆ ಬೇಡ, ಬಲಗಾಲು ಇಡು. ಕೊಡದ ಬಾಯಿ ನಿನ್ನ ಭುಜದ ಹತ್ರ ಇದೆ, ನಂಗೆ ಕಾಣ್ತಿದೆ. ಒಂದೊಂದು ಮಾತೂ ಕೆಳಕ್ಕೆ ಹೋಗಿ ತುಂಬಿಕೊಂಡು ಮೇಲೆ ಬರುತ್ತಿತ್ತು. ಅವಳ ದನಿಯಲ್ಲಿ ಸ್ವಲ್ಪ ನಮ್ಮ ಅತ್ತೆಯ ದನಿಯಿದೆ. ಎಷ್ಟು ಸಲ ಕೇಳಿದರೂ ನನಗೆ ಸಾಲದು.

ಕೊಡ ಮೊದಲು ಬಂತು. ಆಮೇಲೆ ಹಗ್ಗ ನಿಂತುಬಿಟ್ಟಿತು. ನಡು ದಾರಿಯಲ್ಲಿ ಅವನ ಮಂಡಿ ಹಿಡಿದುಕೊಂಡಿತ್ತು, ಕಾಲು ಮಡಿಸಲೂ ಆಗದೆ ಚಾಚಲೂ ಆಗದೆ ಅವನು ಗೋಡೆಗೆ ಒರಗಿ ತೂಗುತ್ತಿದ್ದ. ಹಿಡಿದವರು ಇಬ್ಬರಿಂದ ನಾಲ್ವರಾದರು. ಮೇಲೆ ಎಳೆದುಕೊಂಡಾಗ ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಆದರೂ ನಕ್ಕ. ಒಗೆಯುವ ಕಲ್ಲಿನ ಮೇಲೆ ಕೂರಿಸಿದರು. ದ್ಯಾವೀರಮ್ಮ ಕಾಫಿ ತಂದಳು, ಬೆಲ್ಲ ಜಾಸ್ತಿ ಹಾಕಿ.

ಕಥೆಯಿಂದ ಬಂದವರನ್ನು ಮಾತಾಡಿಸುವುದಕ್ಕೆ ನಮ್ಮೂರಿನಲ್ಲಿ ಒಂದು ರೀತಿಯಿದೆ. ಮೂರೇ ಮಾತು ಕೇಳಬೇಕು. ಊಟ ಆಯಿತೇ, ನಿದ್ದೆ ಬಂತೇ, ಎಷ್ಟನೆಯ ಭಾಗ ನಡೆಯುತ್ತಿದೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ. ಹೋಗುವುದೂ ಇರುವುದೂ ಅವರ ಕೈಯಲ್ಲಿಲ್ಲ, ಕೇಳಿ ಯಾಕೆ ನೋಯಿಸಬೇಕು ಎನ್ನುತ್ತಾರೆ. ಮಕ್ಕಳಿಗೆ ಇದನ್ನು ಚಪ್ಪಲಿ ಹೊರಗೆ ಬಿಡುವುದನ್ನು ಕಲಿಸುವಾಗಲೇ ಕಲಿಸಿಬಿಡುತ್ತೇವೆ. ನಾನೂ ಕಲಿಸಿದ್ದೆ. ಅವತ್ತೂ ಒಬ್ಬೊಬ್ಬರಾಗಿ ಬಂದು ಆ ಮೂರನ್ನು ಕೇಳಿದರು. ಊಟ ಆಯ್ತು ಎಂದ. ನಿದ್ದೆ ಪರವಾಗಿಲ್ಲ ಎಂದ. ಹನ್ನೆರಡನೇದು ಎಂದ. ಹನ್ನೆರಡೇ ಎಂದರು ಒಬ್ಬರು.

ಆ ಹೊತ್ತಿಗೆ ನಮ್ಮ ಮನೆಯವರು ಬಂದರು. ಬಿಸಿಲು ಇಳಿಯುತ್ತಿತ್ತು. ನನ್ನ ಪಕ್ಕದಲ್ಲಿ ನಿಂತು, ಬೇರೆ ಯಾರಿಗೂ ಕೇಳಿಸದಂತೆ, ಚೀಟಿ ಅಂಟಿಸೋದಾ, ಇಲ್ಲ ಯಂತ್ರ ತಿರುಗಿಸೋದಾ ಎಂದು ಕೇಳಿದರು. ನಾನು ಜವರಯ್ಯನ ಮಂಡಿ ನೋಡಿದೆ. ಶಾಂಭವಿ ಇನ್ನೂ ಕಟ್ಟೆಯ ಮೇಲೆ ಮಲಗಿ, ಅವನು ಪಕ್ಕದಲ್ಲೇ ಕೂತಿದ್ದಾನಲ್ಲ ಎಂಬ ಧೈರ್ಯಕ್ಕೆ, ಕೊಡ ಹೇಗೆ ಸಿಕ್ಕಿಕೊಂಡಿತ್ತು ಎಂದು ಬಾವಿಗೆ ವಿವರಿಸುತ್ತಿದ್ದಳು. ಅಷ್ಟುದ್ದ ಮಾತನ್ನು ಆ ವಾರದಲ್ಲಿ ಅವಳು ಆಡಿರಲಿಲ್ಲ. ಇನ್ನೊಂದೇ ವರ್ಷ ಎಂದುಕೊಂಡೆ. ಹದಿಮೂರರಲ್ಲಿ ಅವನಿಗೆ ನೋವಾಗುವಂಥದ್ದು ಏನೂ ಬರೆಯುವುದಿಲ್ಲ, ಕೂತಲ್ಲೇ ಇರಿಸಿಬಿಡುತ್ತೇನೆ, ಮಂಡಿಗೆ ಎಣ್ಣೆ ಕೊಡುವ ವೈದ್ಯರೊಬ್ಬರನ್ನು ತರುತ್ತೇನೆ.

"ಇನ್ನೂ ಇದೆ ಅಂತ ಹಾಕ್ಬಿಡಿ," ಎಂದೆ.

ಮೆಲ್ಲಗೇ ಹೇಳಿದೆ. ಆದರೆ ನಾವು ನಿಂತಿದ್ದದ್ದು ಬಾವಿಯ ಹತ್ತಿರ. ನನ್ನ ಮಾತು ಒಳಗೆ ಹೋಗಿ, ದಪ್ಪವಾಗಿ, ಎಲ್ಲರಿಗೂ ಕೇಳುವಂತೆ ಮೇಲೆ ಬಂತು. ಕಾಫಿ ಕುಡಿಯುತ್ತಿದ್ದವನು ಲೋಟ ಬಾಯಿಂದ ತೆಗೆದ. ಒಂದು ಗಳಿಗೆ ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಎಂದಿನ ಹಾಗೆ ತಲೆಯಾಡಿಸಿ, ಒದ್ದೆ ಹಗ್ಗವನ್ನು ಸುತ್ತತೊಡಗಿದ. ದ್ಯಾವೀರಮ್ಮ ಕೊಡದ ಕೆಸರು ಒರೆಸತೊಡಗಿದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಶಾಂಭವಿ ಕಟ್ಟೆಯಿಂದ ಇಳಿದಳು. ಲಂಗಕ್ಕೆ ಹತ್ತಿದ ಪಾಚಿ ಕೊಡವಿಕೊಂಡಳು. ನನ್ನ ಕಡೆ ಬರುತ್ತಾಳೆ ಎಂದು ನಾನು ಕೈ ಚಾಚಿದೆ. ನನ್ನನ್ನು ದಾಟಿ ಹೋಗಿ, ಒಗೆಯುವ ಕಲ್ಲಿನ ಮುಂದೆ, ಬಾವಿಗೆ ಬೆನ್ನು ಹಾಕಿ ನಿಂತಳು. ಅವನು ಹಗ್ಗ ಸುತ್ತುತ್ತಲೇ ಇದ್ದ. ಅವಳು ಅವನ ಕೈ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಅವಳ ಮುಖ ನೋಡಿದ್ದೇ ದ್ಯಾವೀರಮ್ಮನಿಗೆ ಗೊತ್ತಾಗಿರಬೇಕು, ಹೆತ್ತವಳಿಗಿಂತ ಮೊದಲೇ. ಬಾಯಿ ಮುಚ್ಚಿಸಲು ಎರಡು ಹೆಜ್ಜೆ ಮುಂದೆ ಬಂದವಳು, ಯಾಕೋ ಅಲ್ಲೇ ನಿಂತಳು. ನಾನೂ ನಿಂತೆ.

ನೆಲದ ಮೇಲೆ, ಬೆಳಕಿನಲ್ಲಿ, ಅಷ್ಟು ಜನರ ಎದುರಿಗೆ ನನ್ನ ಮಗಳ ದನಿ ನಾನು ಎಣಿಸಿದ್ದಕ್ಕಿಂತ ಸಣ್ಣದಾಗಿತ್ತು, ಆದರೆ ಎಲ್ಲೂ ತಡವರಿಸಲಿಲ್ಲ.

"ಜವರ ಮಾಮ, ನಿಂಗೆ ಮನೆಗೆ ಹೋಗ್ಬೇಕು ಅನ್ಸಲ್ವಾ?"